ಅಪ್ಪನ ಶುಗರ್ ನೋಟ್‌ಬುಕ್, ಮೇ 2021

ಹೋದ ವಾರ ಹಾಸನದ ಮನೆಯಲ್ಲಿ ಬೀರು ಖಾಲಿ ಮಾಡುವಾಗ ಒಂದು ಇನ್ನೂರು ಪುಟದ ನೋಟ್‌ಬುಕ್ ಸಿಕ್ಕಿತು. ಅಮ್ಮನ ಕೈಬರಹ. ಮೊದಲ ಪುಟದ ಮೇಲೆ 28-4-2021 ಅಂತ ಬರೆದಿದ್ದಾಳೆ. ಕೊರೊನಾ ಎರಡನೇ ಅಲೆಯ ದಿನಗಳು. ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದಾಳೆ: ಸಮಯ, ಜ್ವರ, ಆಕ್ಸಿಜನ್. ಬೆಳಿಗ್ಗೆ 6ಕ್ಕೆ 97, ಹತ್ತಕ್ಕೆ 97, ಮಧ್ಯಾಹ್ನ 2ಕ್ಕೆ 96. ರಾತ್ರಿ ಎರಡು ಗಂಟೆಗೂ ಎದ್ದು ನೋಡಿ ಬರೆದಿದ್ದಾಳೆ. ಏಳು ದಿನ ಹೀಗೇ ಹೋಗುತ್ತದೆ. ಎಂಟನೇ ದಿನದ ಪುಟದಲ್ಲಿ, ಅಂಚಿನಲ್ಲಿ ಉಳಿದಿದ್ದ ಜಾಗಕ್ಕೆ ಇನ್ನೊಂದು ಗೆರೆ ಎಳೆದು ನಾಲ್ಕನೇ ಕಾಲಂ ಹಾಕಿದ್ದಾಳೆ. ಶುಗರ್. ಅದರಲ್ಲಿರುವ ಮೊದಲ ಅಂಕಿ 486.

ಅದನ್ನು ನೋಡಿ ತುಂಬಾ ಹೊತ್ತು ಅಲ್ಲೇ ಕೂತೆ.

ಅಪ್ಪನಿಗೆ ಆಗ 62. ಶುಗರ್ ಬಂದು ಹನ್ನೆರಡು ವರ್ಷ ಆಗಿತ್ತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಒಂದು. ಗ್ಲುಕೋಮೀಟರ್ ಮನೆಯಲ್ಲೇ ಇತ್ತು, ಇದೇ ಬೀರುವಿನ ಕೆಳಗಿನ ಖಾನೆಯಲ್ಲಿ. ಆಕ್ಸಿಮೀಟರ್‌ಗೋಸ್ಕರ ಊರಿನ ಮೆಡಿಕಲ್ ಸ್ಟೋರುಗಳನ್ನೆಲ್ಲ ಸುತ್ತಿ, ಕೇಳಿದಷ್ಟು ದುಡ್ಡು ಕೊಟ್ಟು ತಂದಿದ್ದೆವು. ಅದನ್ನು ದಿನಕ್ಕೆ ಆರು ಸಲ ಬೆರಳಿಗೆ ಹಾಕಿ ನೋಡುತ್ತಿದ್ದೆವು. ಕೈಗೆ ಸಿಗುವಷ್ಟು ಹತ್ತಿರ ಇದ್ದ ಗ್ಲುಕೋಮೀಟರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಟಿವಿಯಲ್ಲಿ, ಫೋನಿನಲ್ಲಿ, ಬಾಗಿಲಾಚೆ ನಿಂತು ಮಾತಾಡಿಸುವವರ ಬಾಯಲ್ಲಿ ಎಲ್ಲ ಕಡೆ ಆಕ್ಸಿಜನ್ ಒಂದೇ ಮಾತು. ನಮ್ಮ ತಲೆಯಲ್ಲೂ ಅದೊಂದೇ ಉಳಿದಿತ್ತು.

ಏಪ್ರಿಲ್ 27ರ ರಾತ್ರಿಯಿಂದ ರಾಜ್ಯವೆಲ್ಲ ಬಂದ್ ಆಯಿತಲ್ಲ, ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ತೆಗೆಯುತ್ತಿದ್ದರು. ಅದರ ಮಾರನೇ ದಿನವೇ ಅಪ್ಪನಿಗೆ ಜ್ವರ ಬಂತು. ಟೆಸ್ಟ್ ರಿಪೋರ್ಟ್ ಬರುವುದಕ್ಕೆ ನಾಲ್ಕು ದಿನ ಆಯಿತು. ಅದಕ್ಕೆ ಕಾಯದೆ ಮೂರನೇ ದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಬಾಗಿಲಾಚೆವರೆಗೂ ಕ್ಯೂ ಇತ್ತು. ಡಾಕ್ಟರ್ ಎರಡು ನಿಮಿಷ ನೋಡಿ ಒಂದು ಚೀಟಿ ಬರೆದುಕೊಟ್ಟರು. ಆಗ ಎಲ್ಲರಿಗೂ ಕೊಡುತ್ತಿದ್ದ ಮಾತ್ರೆಗಳೇ: ಜ್ವರಕ್ಕೆ, ವಿಟಮಿನ್ ಸಿ, ಜಿಂಕ್, ಒಂದು ಆಂಟಿಬಯಾಟಿಕ್. ಜೊತೆಗೆ ದಿನಕ್ಕೆ ಎರಡು ಸಲ ಒಂದು ಸ್ಟೀರಾಯ್ಡ್. ಆವತ್ತು ಅಪ್ಪನ ಆಕ್ಸಿಜನ್ 97 ಇತ್ತು. ಶುಗರ್ ಇದೆಯಾ ಅಂತ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಆ ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಎಷ್ಟು ಜನರನ್ನು ನೋಡುತ್ತಿದ್ದರೋ, ಅವರ ಮನೆಯಲ್ಲಿ ಏನಾಗುತ್ತಿತ್ತೋ. ಆದರೆ ಆ ಚೀಟಿ ನಮ್ಮಪ್ಪನ ಜೀವಕ್ಕೆ ತುಂಬಾ ಹತ್ತಿರ ಬಂದು ಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಟೀರಾಯ್ಡ್ ಶುರುವಾದ ಎರಡನೇ ದಿನದಿಂದಲೇ ಅಪ್ಪನಿಗೆ ಬಾಯಾರಿಕೆ. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ರಾತ್ರಿ ಆರೇಳು ಸಲ ಏಳುತ್ತಿದ್ದರು. ಕಾಲಿನಲ್ಲಿ ಶಕ್ತಿಯೇ ಇಲ್ಲ ಅನ್ನುತ್ತಿದ್ದರು. ಇದೆಲ್ಲ ಕೊರೊನಾದ್ದೇ ಅಂದುಕೊಂಡೆವು. ಸುಸ್ತು ಹೋಗಲಿ ಅಂತ ಮೂರು ಹೊತ್ತು ಕಷಾಯ, ಅದಕ್ಕೆ ಒಂದು ಉಂಡೆ ಬೆಲ್ಲ. ಮಧ್ಯಾಹ್ನ ಮೂಸಂಬಿ ಜ್ಯೂಸ್. ಬಾಯಿ ಒಣಗುತ್ತದೆ ಅಂತ ಎಳನೀರು, ಒಂದು ದಿನವಂತೂ ಗ್ಲುಕೋಸ್ ಪುಡಿ ಕಲಸಿದ ನೀರು. ಪ್ರೀತಿಯಿಂದಲೇ ಕೊಟ್ಟಿದ್ದು ಎಲ್ಲ. ಅಮ್ಮ ಈಗಲೂ ಆ ಬೆಲ್ಲದ ಮಾತು ಬಂದರೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ.

ನಮ್ಮ ಎದುರು ಮನೆಯಲ್ಲಿ ಒಬ್ಬರು ರಿಟೈರ್ಡ್ ನರ್ಸ್ ಇದ್ದಾರೆ. ಮೇ 5ರ ಬೆಳಿಗ್ಗೆ ಅವರು ಫೋನ್ ಮಾಡಿದರು.

"ಹೇಗಿದ್ದಾರಮ್ಮ ಅಪ್ಪ?"

"ಆಕ್ಸಿಜನ್ 95 ಇದೆ ಆಂಟಿ. ಆದ್ರೆ ತುಂಬಾ ಸುಸ್ತು. ಬರೀ ನೀರು ಕುಡೀತಾರೆ, ರಾತ್ರಿ ಎಲ್ಲ ಬಾತ್‌ರೂಮಿಗೆ ಏಳ್ತಾರೆ."

"ಶುಗರ್ ಎಷ್ಟಿದೆ?"

ನಾನು ಸುಮ್ಮನಾದೆ.

"ಈಗಲೇ ನೋಡು. ಫೋನ್ ಇಡಬೇಡ, ನಾನು ಹಿಡ್ಕೊಂಡಿರ್ತೀನಿ."

ಆ 486 ಬಂದಿದ್ದು ಹಾಗೆ. ಅವತ್ತು ಸಂಜೆ ಹೊತ್ತಿಗೆ ಆಕ್ಸಿಜನ್ 91ಕ್ಕೆ ಇಳಿಯಿತು. ಬೆಡ್ ಹುಡುಕಿದ್ದು, ಸರ್ಕಾರದ ಸಹಾಯವಾಣಿ 14410ಕ್ಕೆ ಫೋನ್ ಮಾಡಿದ್ದು, ಅಪ್ಪನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಮೂರು ಕಡೆ ಸುತ್ತಿದ್ದು, ಇದನ್ನೆಲ್ಲ ಬಿಡಿಸಿ ಹೇಳುವುದಿಲ್ಲ. ಆ ದಿನಗಳಲ್ಲಿ ಇದು ಎಲ್ಲರ ಮನೆ ಕಥೆ. ಕೊನೆಗೆ ಬೆಡ್ ಸಿಕ್ಕಿತು. ಮೂತ್ರದಲ್ಲಿ ಕೀಟೋನ್ ಇದೆ ಅಂದರು, ಅಂದರೆ ಇನ್ಸುಲಿನ್ ಸಾಲದೆ ಮೈ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲ. ಇನ್ಸುಲಿನ್ ಡ್ರಿಪ್ ಹಾಕಿದರು, ಆಕ್ಸಿಜನ್ ಹಾಕಿದರು. ಹನ್ನೊಂದು ದಿನ ಅಲ್ಲಿದ್ದು ಅಪ್ಪ ಮನೆಗೆ ಬಂದರು.

ಅದೇ ತಿಂಗಳು ನನ್ನ ಸೋದರಮಾವ, ಅಮ್ಮನ ತಮ್ಮ, ಬರಲಿಲ್ಲ.

ಆಗ ದಿನಾ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು, ನೆನಪಿದೆಯಾ? ಕೊನೆಯ ಪುಟಗಳಲ್ಲಿ ತೀರಿಕೊಂಡವರ ಪಟ್ಟಿ. ಹೆಸರಿರುತ್ತಿರಲಿಲ್ಲ. ಜಿಲ್ಲೆ, ವಯಸ್ಸು, ಗಂಡೋ ಹೆಣ್ಣೋ, ಏನು ಲಕ್ಷಣ, ಮೊದಲೇ ಯಾವ ಕಾಯಿಲೆ ಇತ್ತು, ಯಾವತ್ತು ದಾಖಲಾದರು, ಯಾವತ್ತು ಹೋದರು. ಮೊದಲೇ ಇದ್ದ ಕಾಯಿಲೆಯ ಕಾಲಂನಲ್ಲಿ ಡಿಎಂ, ಎಚ್‌ಟಿಎನ್ ಅಂತ ಸಾಲುಸಾಲಾಗಿ ಇರುತ್ತಿತ್ತು. ಡಿಎಂ ಅಂದರೆ ಸಕ್ಕರೆ ಕಾಯಿಲೆ, ಎಚ್‌ಟಿಎನ್ ಅಂದರೆ ಬಿಪಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಆ ಡಿಎಂ ಓದಿದಾಗೆಲ್ಲ ನನ್ನ ಹೊಟ್ಟೆಯಲ್ಲಿ ಏನೋ ಕಿವುಚಿದಂತೆ ಆಗುತ್ತಿತ್ತು.

ಈ ಲೆಕ್ಕ ಮೊದಲ ದಿನಗಳಿಂದಲೇ ಗೊತ್ತಿತ್ತು. 2020ರ ಫೆಬ್ರವರಿಯಲ್ಲೇ ಚೀನಾ 44,000ಕ್ಕೂ ಹೆಚ್ಚು ರೋಗಿಗಳ ಅಂಕಿಅಂಶ ಹೊರಗೆ ಬಿಟ್ಟಿತ್ತು. ಒಟ್ಟಾರೆ ನೂರರಲ್ಲಿ 2.3 ಜನ ತೀರಿಕೊಂಡಿದ್ದರೆ, ಸಕ್ಕರೆ ಕಾಯಿಲೆ ಇದ್ದವರಲ್ಲಿ 7.3. ಇಂಗ್ಲೆಂಡಿನಲ್ಲಿ ಮೊದಲ ಅಲೆಯಲ್ಲಿ ಆಸ್ಪತ್ರೆಯಲ್ಲಿ ಕೊರೊನಾದಿಂದ ಸತ್ತವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಶುಗರ್ ಇತ್ತು. ಈ ಅಂಕಿಗಳು ಹೆದರಿಸುತ್ತವೆ ಅಷ್ಟೇ. ನನಗೆ ಉಪಯೋಗಕ್ಕೆ ಬಂದಿದ್ದು ಇನ್ನೊಂದು ಅಧ್ಯಯನ, ಅದೂ ಚೀನಾದ ಹುಬೆ ಪ್ರಾಂತ್ಯದ್ದೇ. ಅಲ್ಲಿನ ಆಸ್ಪತ್ರೆಗಳಲ್ಲಿದ್ದ ಶುಗರ್ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಶುಗರ್ 70ರಿಂದ 180ರ ಒಳಗೇ ಇದ್ದವರಲ್ಲಿ ನೂರಕ್ಕೆ 1.1 ಜನ ತೀರಿಕೊಂಡಿದ್ದರು. ಅದು ಮೀರಿ ಹೋದವರಲ್ಲಿ ನೂರಕ್ಕೆ 11. ಎರಡೂ ಗುಂಪಿನವರಿಗೆ ಶುಗರ್ ಇತ್ತು, ಗಮನಿಸಿ. ಕಾಯಿಲೆ ಜೋರಾದವರಿಗೆ ಶುಗರ್ ತಾನಾಗಿಯೂ ಏರುತ್ತದೆ, ಹಾಗಾಗಿ ಈ ವ್ಯತ್ಯಾಸ ಪೂರ್ತಿ ಶುಗರ್ ಒಂದರಿಂದಲೇ ಬಂತು ಅನ್ನೋದಕ್ಕೆ ಆಗುವುದಿಲ್ಲ. ಆದರೂ ಹನ್ನೆರಡು ವರ್ಷದಿಂದ ಇರುವ ಕಾಯಿಲೆಯನ್ನು ಆ ವಾರ ತೆಗೆದುಹಾಕಲು ಯಾರಿಂದಲೂ ಆಗಲ್ಲ. ಆ ವಾರದ ಶುಗರನ್ನು ನೋಡಿಕೊಳ್ಳಬಹುದಿತ್ತು. ಅದು ನಮ್ಮ ಕೈಯಲ್ಲಿತ್ತು, ಇಪ್ಪತ್ತು ರೂಪಾಯಿಯ ಒಂದು ಸ್ಟ್ರಿಪ್ ಸಾಕಿತ್ತು.

ಶುಗರ್ ಜಾಸ್ತಿ ಇದ್ದರೆ ಒಳಗೆ ಏನಾಗುತ್ತದೆ ಅಂತ ಆಸ್ಪತ್ರೆಯ ಒಬ್ಬ ಯುವ ಡಾಕ್ಟರ್ ಅಪ್ಪನ ಡಿಸ್ಚಾರ್ಜ್ ದಿನ ನನಗೆ ಹೇಳಿದರು. ಆಮೇಲೆ ನಾನೂ ಕೂತು ಓದಿದೆ. ನಮ್ಮ ಬಿಳಿ ರಕ್ತಕಣಗಳು ವೈರಸ್ಸು, ಬ್ಯಾಕ್ಟೀರಿಯಾ ಇರುವ ಜಾಗಕ್ಕೆ ಓಡಬೇಕು, ಹಿಡಿಯಬೇಕು, ನುಂಗಬೇಕು. ರಕ್ತದಲ್ಲಿ ಸಕ್ಕರೆ ಹೆಚ್ಚಾದಾಗ ಈ ಎಲ್ಲ ಕೆಲಸವೂ ನಿಧಾನ ಆಗುತ್ತದೆ. ಇನ್ನೊಂದು, ವರ್ಷಗಟ್ಟಲೆ ಶುಗರ್ ಇದ್ದರೆ ರಕ್ತನಾಳಗಳ ಒಳಗಿನ ತೆಳು ಪದರ ಮೊದಲೇ ಹಾಳಾಗಿರುತ್ತದೆ. ಕೊರೊನಾ ಕೂಡ ಅದೇ ಪದರಕ್ಕೆ ಏಟು ಕೊಡುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಹೀಗಾದರೆ ಉಸಿರು ಎಳೆದುಕೊಂಡರೂ ಆಕ್ಸಿಜನ್ ರಕ್ತಕ್ಕೆ ಸೇರುವುದಿಲ್ಲ. ಡಿ-ಡೈಮರ್ ಅಂತ ಟೆಸ್ಟ್ ಮಾಡಿಸುತ್ತಿದ್ದರಲ್ಲ, ಅದು ಈ ಹೆಪ್ಪುಗಟ್ಟುವುದರ ಸುಳಿವು ನೋಡುವುದಕ್ಕೇ.

ಇದು ಒಂದೇ ಕಡೆಯಿಂದ ನಡೆಯುವ ವಿಚಾರವೂ ಅಲ್ಲ. ಜೋರು ಜ್ವರ ಬಂದಾಗ ಮೈ ಕಾರ್ಟಿಸಾಲ್, ಅಡ್ರಿನಲಿನ್ ಥರದ ಹಾರ್ಮೋನುಗಳನ್ನು ಸುರಿಸುತ್ತದೆ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ, ಲಿವರ್‌ನಿಂದ ಇನ್ನಷ್ಟು ಸಕ್ಕರೆ ಹೊರಗೆ ಬರುತ್ತದೆ. ಅಂದರೆ ಸೋಂಕು ಶುಗರ್ ಏರಿಸುತ್ತದೆ, ಏರಿದ ಶುಗರ್ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ನಮ್ಮಪ್ಪ ಸರಿಯಾಗಿ ಊಟವನ್ನೇ ಮಾಡುತ್ತಿರಲಿಲ್ಲ, ಆದರೂ ಶುಗರ್ ಏರಿತ್ತು. "ಏನೂ ತಿಂತಿಲ್ಲ, ಶುಗರ್ ಎಲ್ಲಿಂದ ಬರುತ್ತೆ" ಅಂತ ಎಷ್ಟು ಜನ ಹೇಳಿಲ್ಲ! ಬರುತ್ತದೆ. ತಿನ್ನದಿದ್ದರೂ ಬರುತ್ತದೆ.

ಇದರ ಮೇಲೆ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟ ಔಷಧಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಓದಿಕೊಳ್ಳಬೇಡಿ. ಆಸ್ಪತ್ರೆಯಲ್ಲಿ ಅಪ್ಪನನ್ನು ಉಳಿಸಿದ್ದರಲ್ಲಿ ಅದರ ಪಾಲೂ ಇದೆ. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ನವರು ನಡೆಸಿದ ರಿಕವರಿ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಡೆಕ್ಸಾಮೆಥಾಸೋನ್, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದು ಭಾಗ ಕಡಿಮೆ ಆಯಿತು, ಆಕ್ಸಿಜನ್ ಬೇಕಾದವರಲ್ಲಿ ಐದನೇ ಒಂದು ಭಾಗ. ತುಂಬಾ ಅಗ್ಗದ, ಎಲ್ಲ ಕಡೆ ಸಿಗುವ ಔಷಧಿ. ಆದರೆ ಅದೇ ಪ್ರಯೋಗದಲ್ಲಿ, ಆಕ್ಸಿಜನ್ ಬೇಡದೆ ಇದ್ದವರಿಗೆ ಅದರಿಂದ ಏನೂ ಲಾಭ ಆಗಲಿಲ್ಲ. ಕಾರಣ ಅರ್ಥ ಆಗುವಂಥದ್ದೇ. ಮೊದಲ ವಾರ ವೈರಸ್ಸು ಬೆಳೆಯುತ್ತಿರುತ್ತದೆ, ಆಗ ಮೈಯ ರಕ್ಷಣೆಯನ್ನು ಕುಗ್ಗಿಸಬಾರದು. ಆಮೇಲೆ ಕೆಲವರಿಗೆ ಆ ರಕ್ಷಣೆಯೇ ಕೈಮೀರಿ ಶ್ವಾಸಕೋಶವನ್ನು ಊದಿಸುತ್ತದೆ, ಆಗ ಸ್ಟೀರಾಯ್ಡ್ ಬೇಕು. ನಮ್ಮಪ್ಪನಿಗೆ ಮೂರನೇ ದಿನ, 97 ಇದ್ದಾಗ, ಅದು ಬೇಕಿರಲಿಲ್ಲ. ಆಗ ಎಷ್ಟು ಮನೆಗಳಲ್ಲಿ ಪಕ್ಕದವರ ಚೀಟಿಯ ಫೋಟೋ ತೋರಿಸಿ ಮೆಡಿಕಲ್ ಸ್ಟೋರಿನಿಂದ ಸ್ಟೀರಾಯ್ಡ್ ತಂದು ನುಂಗಿದರು, ನಾನೇ ಕಣ್ಣಾರೆ ನೋಡಿದ್ದೇನೆ.

ಒಂದು ಸಣ್ಣ ವಿಷಯ, ಇದು ಈಗಲೂ ಬೇಕಾಗುತ್ತದೆ. ಕೀಲುನೋವಿಗೋ ಉಬ್ಬಸಕ್ಕೋ ಯಾವುದಕ್ಕೇ ಆಗಲಿ ಬೆಳಿಗ್ಗೆ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಶುಗರ್‌ನವರು ಬರೀ ಖಾಲಿ ಹೊಟ್ಟೆಯಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಬಾರದು. ಸ್ಟೀರಾಯ್ಡ್‌ನಿಂದ ಏರುವ ಶುಗರ್ ಹೆಚ್ಚಾಗಿ ಮಧ್ಯಾಹ್ನ ಊಟದ ನಂತರ, ಸಂಜೆ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ 130 ಇದ್ದದ್ದು ಸಂಜೆ 350 ಇರಬಹುದು.

ಈಗ ಮಾವನ ವಿಷಯ.

ಮಾವನಿಗೆ 46. ಅರಸೀಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ. 108 ಕೆಜಿ ಇದ್ದರು. ಎತ್ತರ ಐದಡಿ ಏಳಿಂಚು. ಚಿಕ್ಕಂದಿನಲ್ಲಿ ನಾವೆಲ್ಲ ಅವರ ಹೊಟ್ಟೆ ಮೇಲೆ ತಲೆ ಇಟ್ಟು ಮಲಗುತ್ತಿದ್ದೆವು. ರಾತ್ರಿ ಅವರ ಗೊರಕೆಗೆ ಮನೆಯೇ ಎದ್ದು ಕೂರುತ್ತಿತ್ತು. ನಡುನಡುವೆ ಗೊರಕೆ ನಿಂತು, ಉಸಿರೇ ಇಲ್ಲದ ಹಾಗಾಗಿ, ಮತ್ತೆ ಒಮ್ಮೆಲೇ ಎಳೆದುಕೊಳ್ಳುತ್ತಿದ್ದರು. ಅದಕ್ಕೊಂದು ಹೆಸರಿದೆ, ಅದು ತೂಕಕ್ಕೆ ಸಂಬಂಧಪಟ್ಟ ಕಾಯಿಲೆ, ಸ್ಲೀಪ್ ಆಪ್ನಿಯಾ, ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆರೋಗ್ಯವಂತ ಮನುಷ್ಯ ಅಂತಲೇ ಎಲ್ಲರ ಲೆಕ್ಕ. ಒಂದು ದಿನ ಮಾತ್ರೆ ನುಂಗಿದವರಲ್ಲ. ಸಿಮೆಂಟ್ ಮೂಟೆ ತಾವೇ ಎತ್ತಿ ಇಡುತ್ತಿದ್ದರು.

ಆಸ್ಪತ್ರೆಗೆ ಸೇರಿಸಿದ ದಿನ ಅವರ ಶುಗರ್ 310. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9.4. ಅಂದರೆ ಕೊರೊನಾ ಬರುವುದಕ್ಕೆ ತಿಂಗಳುಗಳ ಮೊದಲೇ, ಬಹುಶಃ ವರ್ಷಗಳ ಮೊದಲೇ, ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಯಾರೂ ನೋಡಿರಲಿಲ್ಲ. ಮೇ 19ಕ್ಕೆ ಮಾವ ಹೋದರು. ಎರಡು ದಿನ ಬಿಟ್ಟು ಬುಲೆಟಿನ್‌ನಲ್ಲಿ ಅವರ ಸಾಲು ಬಂತು. ಹಾಸನ, 46, ಗಂಡು. ಮೊದಲೇ ಇದ್ದ ಕಾಯಿಲೆಯ ಜಾಗದಲ್ಲಿ ಒಂದು ಅಡ್ಡಗೆರೆ.

ಆ ಅಡ್ಡಗೆರೆ ಇವತ್ತಿಗೂ ನನ್ನನ್ನು ಕಾಡುತ್ತದೆ. ಅಷ್ಟು ತೂಕ ಅವರ ಮೈಮೇಲೆ ಎಲ್ಲರಿಗೂ ಕಾಣುವ ಹಾಗೆ ಇತ್ತು, ಆದರೆ ಅದನ್ನು ಕಾಯಿಲೆ ಅಂತ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಾವೂ ತೆಗೆದುಕೊಂಡಿರಲಿಲ್ಲ. ನಮ್ಮಲ್ಲಿ ದಪ್ಪಗಿರುವುದು ಅಂದರೆ ಉಂಡು ತಿಂದು ಚೆನ್ನಾಗಿರುವ ಮನೆ ಅಂತ ಅರ್ಥ. ಲಸಿಕೆ ವಿಷಯದಲ್ಲೂ ಹಾಗೇ ಆಯಿತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೆ, ಜೊತೆಗೆ 45ರಿಂದ 59ರವರೆಗೆ ಬೇರೆ ಕಾಯಿಲೆ ಇದ್ದವರಿಗೆ ಲಸಿಕೆ ಶುರುವಾಯಿತು. ಅದಕ್ಕೆ ಕೇಂದ್ರ ಸರ್ಕಾರ ಇಪ್ಪತ್ತು ಕಾಯಿಲೆಗಳ ಪಟ್ಟಿ ಮಾಡಿತ್ತು, ಡಾಕ್ಟರ್ ಸರ್ಟಿಫಿಕೇಟ್ ಬೇಕಿತ್ತು. ಹತ್ತು ವರ್ಷಕ್ಕಿಂತ ಹಳೆಯ ಶುಗರ್, ಜೊತೆಗೆ ಬಿಪಿಗೂ ಮಾತ್ರೆ ತಗೊಳ್ಳುತ್ತಿದ್ದರೆ, ಆ ಪಟ್ಟಿಯಲ್ಲಿತ್ತು. ಬೊಜ್ಜು ಇರಲಿಲ್ಲ. ಬ್ರಿಟನ್ನಿನಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ಮೀರಿದವರಿಗೆ ವಯಸ್ಸು ಕಡಿಮೆ ಇದ್ದರೂ ಮೊದಲೇ ಕೊಟ್ಟರು. ಏಪ್ರಿಲ್ 1ರಿಂದ ನಮ್ಮಲ್ಲಿ 45 ದಾಟಿದ ಎಲ್ಲರಿಗೂ ತೆರೆದರು. ಆಗ ಮಾವ "ಇವತ್ತು ನಾಳೆ" ಅಂದರು, ಹೋದ ದಿನ ಸ್ಟಾಕ್ ಇಲ್ಲ ಅಂದರಂತೆ. ಅಪ್ಪನಿಗೆ ಮಾರ್ಚ್ ಕೊನೆಗೆ ಒಂದು ಡೋಸ್ ಆಗಿತ್ತು.

ತೂಕ ಕೊರೊನಾಗೆ ಹೇಗೆ ದಾರಿ ಮಾಡುತ್ತದೆ ಅನ್ನುವುದು ನನಗೆ ಐಸಿಯು ಬಾಗಿಲ ಗಾಜಿನಿಂದ ಕಂಡಿತು. ಮಾವನನ್ನು ಮಕಾಡೆ ಮಲಗಿಸಬೇಕಿತ್ತು. ಹಾಗೆ ಮಲಗಿದರೆ ಶ್ವಾಸಕೋಶದ ಹಿಂಭಾಗ ಬಿಚ್ಚಿಕೊಂಡು ಆಕ್ಸಿಜನ್ ಏರುತ್ತದೆ. ಪಿಪಿಇ ಕಿಟ್ ಹಾಕಿಕೊಂಡ ಐದು ಜನ ಸೇರಿ ಅವರನ್ನು ತಿರುಗಿಸುತ್ತಿದ್ದರು, ಟ್ಯೂಬು, ವೈರುಗಳನ್ನು ಹಿಡಿದುಕೊಂಡು. ಮಕಾಡೆ ಹಾಕಿದರೂ ಹೊಟ್ಟೆ ಅಡ್ಡ ಬರುತ್ತಿತ್ತು. ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತ ಒಂದು ಸ್ನಾಯುವಿನ ಪರದೆ ಇದೆ. ಅದು ಕೆಳಗೆ ಇಳಿದಾಗ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆ. ಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಂಡಿದ್ದರೆ ಅದು ಸರಿಯಾಗಿ ಇಳಿಯುವುದಿಲ್ಲ, ಅಂಗಾತ ಮಲಗಿದಾಗಲಂತೂ ಇನ್ನೂ ಕಷ್ಟ. ಶ್ವಾಸಕೋಶದ ಕೆಳಭಾಗ ಮುಚ್ಚಿಕೊಂಡೇ ಇರುತ್ತದೆ. ಆರೋಗ್ಯವಾಗಿದ್ದಾಗ ಇದು ಗೊತ್ತಾಗುವುದೇ ಇಲ್ಲ, ಮೆಟ್ಟಿಲು ಹತ್ತುವಾಗ ಸ್ವಲ್ಪ ಏದುಸಿರು ಅಷ್ಟೇ. ನ್ಯುಮೋನಿಯಾ ಬಂದಾಗ ಉಳಿದ ಜಾಗವೂ ಹೋಗುತ್ತದೆ.

ಇದು ಭಾರದ ಲೆಕ್ಕ. ಇನ್ನೊಂದು, ಕೊಬ್ಬು ಸುಮ್ನೆ ಗೋದಾಮಿನ ಥರ ಬಿದ್ದಿರುವ ವಸ್ತು ಅಲ್ಲ. ಹೊಟ್ಟೆಯೊಳಗಿನ ಕೊಬ್ಬು ದಿನಪೂರ್ತಿ ಉರಿಯೂತ ಹುಟ್ಟಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಐಎಲ್-6 ಅಂತ ಟೆಸ್ಟ್ ಮಾಡಿಸಿ ಸಾವಿರಾರು ರೂಪಾಯಿ ಕೊಟ್ಟಿರಲ್ಲ, ಅದೂ ಅದರಲ್ಲಿ ಒಂದು. ಮೊದಲೇ ಹೊಗೆಯಾಡುತ್ತಿರುವ ಮೈಗೆ ಕೊರೊನಾ ಬಂದು ಬೆಂಕಿ ಹಾಕುತ್ತದೆ. ವೈರಸ್ಸು ಕೊಬ್ಬಿನ ಕೋಶಗಳ ಒಳಗೇ ಹೋಗಿ ಬೆಳೆಯಬಲ್ಲದು ಅನ್ನುವುದೂ ಆಮೇಲಿನ ಅಧ್ಯಯನಗಳಲ್ಲಿ ಕಂಡಿತು. 2020ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಬೊಜ್ಜಿದ್ದವರು ಆಸ್ಪತ್ರೆ ಸೇರುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು, ಐಸಿಯುಗೆ ಹೋಗುವ ಸಾಧ್ಯತೆ ಶೇ. 74 ಹೆಚ್ಚು, ಸಾವಿನ ಸಾಧ್ಯತೆ ಶೇ. 48 ಹೆಚ್ಚು ಅಂತ ಬಂತು. ವಯಸ್ಸು ಕಡಿಮೆ ಇದ್ದರೂ ಐಸಿಯು ಸೇರಿದವರಲ್ಲಿ ತೂಕದವರು ಎದ್ದು ಕಾಣುತ್ತಿದ್ದರು. ಆಗಿನ ಬ್ರಿಟನ್ ಪ್ರಧಾನಿ ಬೋರಿಸ್ ಜಾನ್ಸನ್ 2020ರ ಏಪ್ರಿಲ್‌ನಲ್ಲಿ ಐಸಿಯುವರೆಗೆ ಹೋಗಿ ಬಂದರಲ್ಲ, ಅವರೇ ಆಮೇಲೆ ನಾನು ತುಂಬಾ ದಪ್ಪ ಇದ್ದೆ ಅಂತ ಬಾಯಿಬಿಟ್ಟು ಹೇಳಿದರು, ದೇಶಕ್ಕೆಲ್ಲ ತೂಕ ಇಳಿಸುವ ಅಭಿಯಾನ ಶುರು ಮಾಡಿದರು.

ಇದನ್ನು ಓದುತ್ತಾ "ನಾನೇನು ದಪ್ಪ ಇಲ್ಲ ಬಿಡು" ಅಂದುಕೊಂಡವರು ಇದ್ದರೆ, ಒಂದು ನಿಮಿಷ. ನಮ್ಮಪ್ಪನೂ ದಪ್ಪ ಇರಲಿಲ್ಲ. 68 ಕೆಜಿ. ಕೈಕಾಲು ಸಣ್ಣ, ಕೆನ್ನೆ ಒಳಗೆ ಹೋಗಿತ್ತು, ಆದರೆ ಪಂಚೆ ಕಟ್ಟಿದರೆ ಹೊಟ್ಟೆ ಮುಂದಕ್ಕೆ. ಪುಣೆಯಲ್ಲಿ ಡಾ. ಯಾಜ್ಞಿಕ್ ಅಂತ ಒಬ್ಬ ದೊಡ್ಡ ಮಧುಮೇಹ ತಜ್ಞರಿದ್ದಾರೆ. ಅವರು ಮತ್ತು ಬ್ರಿಟನ್ನಿನ ಅವರ ಸ್ನೇಹಿತ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋ ಹಾಕಿದ್ದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನಮ್ಮ ಜನರ ಮೈ ಹೀಗೆ. ತೂಕದ ಯಂತ್ರದ ಮೇಲೆ ಸಣ್ಣ, ಒಳಗೆ ಕೊಬ್ಬು. ಅದಕ್ಕೇ ನಮಗೆ ಬಿಎಂಐ 23 ದಾಟಿದರೇ ಹೆಚ್ಚು ತೂಕ, 25ಕ್ಕೆ ಬೊಜ್ಜು ಅಂತ ಇಟ್ಟಿದ್ದಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಮನೆಯಲ್ಲಿ ಹೊಲಿಗೆ ಟೇಪ್ ಇದ್ದರೆ ಸಾಕು. ಅಪ್ಪನದು 101 ಇತ್ತು.

ಆಸ್ಪತ್ರೆಯಲ್ಲಿ ಇನ್ನೊಂದು ವಿಷಯ ಕಲಿತೆ. ಅಪ್ಪ ದಿನಾ ತಗೊಳ್ಳುತ್ತಿದ್ದ ಶುಗರ್ ಮಾತ್ರೆಗಳನ್ನು ಸೇರಿದ ಕೂಡಲೇ ನಿಲ್ಲಿಸಿ ಇನ್ಸುಲಿನ್ ಕೊಟ್ಟರು. ಆಕ್ಸಿಜನ್ ಕಡಿಮೆ ಆದಾಗ, ಕಿಡ್ನಿಗೆ ಏಟು ಬಿದ್ದಾಗ ಮೆಟ್‌ಫಾರ್ಮಿನ್‌ನಿಂದ ರಕ್ತದಲ್ಲಿ ಆಮ್ಲ ಸೇರುವ ಅಪಾಯ ಇರುತ್ತದಂತೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ್ದು, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳು, ಊಟ ನೀರು ಬಿಟ್ಟ ಜ್ವರದ ದಿನಗಳಲ್ಲಿ ಕೀಟೋನ್ ಏರಿಸಬಹುದು. ಗ್ಲಿಮೆಪಿರೈಡ್ ತಗೊಂಡು ಊಟ ಬಿಟ್ಟರೆ ಶುಗರ್ ಧಡ್ ಅಂತ ಇಳಿದು ತಲೆ ತಿರುಗಿ ಬೀಳಬಹುದು. ಇನ್ಸುಲಿನ್ ತಗೊಳ್ಳುವವರು ಮಾತ್ರ ಊಟ ಸೇರುತ್ತಿಲ್ಲ ಅಂತ ಅದನ್ನು ಪೂರ್ತಿ ನಿಲ್ಲಿಸಲೇಬಾರದು. ಇದನ್ನೆಲ್ಲ ಓದಿ ನೀವೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿಟ್ಟುಕೊಳ್ಳಿ: ನನಗೆ ಜೋರು ಜ್ವರ ಬಂದರೆ, ವಾಂತಿ ಆದರೆ, ಇವುಗಳಲ್ಲಿ ಯಾವುದು ನಿಲ್ಲಿಸಬೇಕು, ಯಾವುದು ಬಿಡಬಾರದು? ಚೆನ್ನಾಗಿರುವಾಗಲೇ ಕೇಳಿ ಚೀಟಿಯ ಹಿಂದೆ ಬರೆಸಿಕೊಳ್ಳಿ. ನಾವು ಹನ್ನೆರಡು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಮೇ ಕೊನೆಗೆ ಬ್ಲ್ಯಾಕ್ ಫಂಗಸ್ ಭಯ. ಅಪ್ಪ ಮನೆಗೆ ಬಂದ ಮೇಲೂ ಎದುರು ಮನೆ ಆಂಟಿ ದಿನಾ ಕೇಳುತ್ತಿದ್ದರು: ಮೂಗು ಒಂದೇ ಕಡೆ ಕಟ್ಟಿದೆಯಾ, ಕೆನ್ನೆ ನೋವಿದೆಯಾ, ಕಣ್ಣು ಊದಿದೆಯಾ, ಹಲ್ಲು ಅಲ್ಲಾಡುತ್ತಿದೆಯಾ? ಆ ಶಿಲೀಂಧ್ರ ನಮ್ಮ ಸುತ್ತಮುತ್ತ, ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಯಾವಾಗಲೂ ಇರುವಂಥದ್ದೇ. ಸಾಮಾನ್ಯ ಮೈಗೆ ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾಗಿದ್ದು ಸಕ್ಕರೆ ತುಂಬಿದ ರಕ್ತ, ಕೀಟೋನ್ ಏರಿದಾಗ ಬಿಡುಗಡೆ ಆಗುವ ಕಬ್ಬಿಣದ ಅಂಶ, ಸ್ಟೀರಾಯ್ಡ್‌ನಿಂದ ಕುಗ್ಗಿದ ರಕ್ಷಣೆ. ಮೂರನ್ನೂ ನಾವು ಅಪ್ಪನ ಮೈಯಲ್ಲಿ ಸಿದ್ಧ ಮಾಡಿಟ್ಟಿದ್ದೆವು. ಅವರಿಗೆ ಬರಲಿಲ್ಲ, ದೇವರು ದೊಡ್ಡವನು. ಜುಲೈ ಹೊತ್ತಿಗೆ ದೇಶದಲ್ಲಿ 45,000ಕ್ಕೂ ಹೆಚ್ಚು ಜನರಿಗೆ ಬಂದಿತ್ತು, 4,300ಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಕಣ್ಣು ಕಳೆದುಕೊಂಡವರು, ದವಡೆ ತೆಗೆಸಿಕೊಂಡವರು ಎಷ್ಟೋ. ಅಪ್ಪನ ವಾರ್ಡಿನಲ್ಲಿ ಪಕ್ಕದ ಬೆಡ್‌ನಲ್ಲಿದ್ದ ಒಬ್ಬರು ಎಡಗಣ್ಣು ಕಳೆದುಕೊಂಡರು ಅಂತ ಆಮೇಲೆ ಗೊತ್ತಾಯಿತು. ಈ ಫಂಗಸ್‌ಗೆ ಕೊಡುವ ಆಂಫೊಟೆರಿಸಿನ್ ಇಂಜೆಕ್ಷನ್‌ಗೆ ಅವರ ಮಗ ಬೆಂಗಳೂರಿಗೂ ಮೈಸೂರಿಗೂ ಓಡಾಡಿದನಂತೆ.

ಕೊರೊನಾ ಈಗ ಜ್ವರ ನೆಗಡಿಯ ಹಾಗೆ ಬಂದು ಹೋಗುತ್ತಿದೆ, ಇದೆಲ್ಲ ಈಗ ಯಾಕೆ ಅಂತ ನನ್ನ ಗೆಳತಿ ಕೇಳಿದಳು. ಕೊರೊನಾ ಬಂದವರಲ್ಲಿ ಆಮೇಲಿನ ಒಂದು ವರ್ಷದಲ್ಲಿ ಹೊಸದಾಗಿ ಶುಗರ್ ಕಾಣಿಸಿಕೊಳ್ಳುವ ಸಾಧ್ಯತೆ ಶೇ. 40ರಷ್ಟು ಹೆಚ್ಚು ಅಂತ ಅಮೆರಿಕದ ಮಾಜಿ ಸೈನಿಕರ ಮೇಲಿನ ಒಂದು ದೊಡ್ಡ ಅಧ್ಯಯನ 2022ರಲ್ಲಿ ಹೇಳಿತು. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಜೊತೆ ಸೇರಿ ಮಾಡಿದ, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಬಾಗಿಲಲ್ಲಿ ನಿಂತಿದ್ದಾರೆ. ಅವರಲ್ಲಿ ಎಷ್ಟೋ ಜನ ಮಾವನ ಥರ, ಸಿಮೆಂಟ್ ಮೂಟೆ ಎತ್ತುತ್ತಾ, ಏನೂ ಗೊತ್ತಿಲ್ಲದೆ ಇದ್ದಾರೆ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಒಬ್ಬರಿಂದ ಒಬ್ಬರಿಗೆ ಹರಡದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ದುಡ್ಡಿಲ್ಲದೆ ಶುಗರ್, ಬಿಪಿ ನೋಡುತ್ತಾರೆ, ಮಾತ್ರೆಯನ್ನೂ ಕೊಡುತ್ತಾರೆ. ಅರಸೀಕೆರೆಯಲ್ಲಿ ಮಾವನ ಅಂಗಡಿಯಿಂದ ಅಲ್ಲಿಗೆ ನಡೆದುಕೊಂಡೇ ಹೋಗಬಹುದಿತ್ತು.

ಅಪ್ಪ ಎರಡು ತಿಂಗಳು ಇನ್ಸುಲಿನ್ ತಗೊಂಡು ಆಮೇಲೆ ಮಾತ್ರೆಗೆ ವಾಪಸ್ ಬಂದರು. ಈಗ ಸೊಂಟ 93. ರಾಗಿ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವ ಅವರ ನಂಬಿಕೆಯನ್ನು ಬಿಡಿಸಲು ಗ್ಲುಕೋಮೀಟರೇ ಬೇಕಾಯಿತು. ಎರಡು ದೊಡ್ಡ ಮುದ್ದೆ ಉಂಡು ಎರಡು ಗಂಟೆ ಬಿಟ್ಟು ನೋಡಿದಾಗ 260. ಈಗ ಒಂದು ಸಣ್ಣ ಮುದ್ದೆ, ಜೊತೆಗೆ ಬಟ್ಟಲು ತುಂಬಾ ಸೊಪ್ಪು, ಕಾಳು. ಆ ನೋಟ್‌ಬುಕ್‌ನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಅಮ್ಮ ಈಗ ಭಾನುವಾರದ ಶುಗರ್ ಬರೆಯುತ್ತಿದ್ದಾಳೆ.

ಮಾವನ ಮಗನಿಗೆ ಈಗ 24. ಅಂಗಡಿ ಅವನೇ ನೋಡಿಕೊಳ್ಳುತ್ತಾನೆ. ಮಾವನದೇ ಮೈಕಟ್ಟು, 91 ಕೆಜಿ. ಹೋದ ಭಾನುವಾರ ಅತ್ತೆ ಜೊತೆ ಹಾಸನಕ್ಕೆ ಬಂದಿದ್ದ. ಅಮ್ಮ ಅವನನ್ನು ಸೋಮವಾರ ಬೆಳಿಗ್ಗೆ ತಿಂಡಿಗೆ ಮೊದಲು ಕುರ್ಚಿಯಲ್ಲಿ ಕೂರಿಸಿ, ಬೆರಳು ಒರೆಸಿ, ಅವಳೇ ಚುಚ್ಚಿದಳು. 118 ಬಂತು. ನೂರು ದಾಟಬಾರದು, 126 ಆದರೆ ಶುಗರ್ ಅಂತ ಲೆಕ್ಕ. ಮನೆಯ ಮೀಟರ್ ನಂಬಿ ಕೂರಬಾರದು, ಲ್ಯಾಬ್‌ನಲ್ಲಿ ಫಾಸ್ಟಿಂಗ್ ಜೊತೆ ಎಚ್‌ಬಿಎ1ಸಿ ಮಾಡಿಸು ಅಂದೆ. ಅತ್ತೆ ಬಾಗಿಲ ಹತ್ತಿರ ನಿಂತುಕೊಂಡು ಏನೂ ಮಾತಾಡದೆ ನೋಡುತ್ತಿದ್ದರು. ನಿನ್ನೆ ರಾತ್ರಿ ಅವನೇ ಫೋನ್ ಮಾಡಿದ್ದ. ರಿಪೋರ್ಟ್ ಬಂದಿದೆ, 6.1, ಅಂದ. ಇನ್ನೂ ಶುಗರ್ ಆಗಿಲ್ಲ, ಬಾಗಿಲಲ್ಲಿದ್ದೀಯ, ತೂಕ ಏಳೆಂಟು ಕೆಜಿ ಇಳಿಸಿದರೆ ಹಿಂದಕ್ಕೆ ಹೋಗಬಹುದು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊರಕೆ ಹೊಡೀತೀನಿ ಅಂತ ಅಮ್ಮ ಹೇಳ್ತಾಳೆ, ಅದಕ್ಕೂ ಟೆಸ್ಟ್ ಇದೆಯಾ?" ಅಂತ ಕೇಳಿದ. ಇದೆ ಅಂದೆ. ಬರುವ ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ.